157 ಮತದಿಂದ ಗೆದ್ದು 1,009 ಮತದಿಂದ ಸೋತ ಗವರ್ನರ್: ವಿಸ್ಕಾನ್ಸಿನ್, 1855

ಬಾರ್‌ಸ್ಟೊ 36,355. ಬ್ಯಾಶ್‌ಫೋರ್ಡ್ 36,198. ಅಂತರ 157.

1855ರ ಡಿಸೆಂಬರಿನಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರಾಜಧಾನಿ ಮ್ಯಾಡಿಸನ್ನಿನಲ್ಲಿ ಮೂವರು ಅಧಿಕಾರಿಗಳು ಕೂತು ಕೂಡಿಸಿ ಬರೆದ ಗವರ್ನರ್ ಚುನಾವಣೆಯ ಲೆಕ್ಕ ಇದು. ಇಬ್ಬರ ಮತ ಸೇರಿಸಿದರೆ 72,553. ಅಂದರೆ ಸಾವಿರಕ್ಕೆ ಎರಡು ಮತದ ಆಸುಪಾಸಿನ ಗೆಲುವು. ಮೂರು ತಿಂಗಳ ನಂತರ ಅದೇ ರಾಜ್ಯದ ಸುಪ್ರೀಂ ಕೋರ್ಟು ಅದೇ ಚುನಾವಣೆಯ ಮತಗಳನ್ನು ಮತ್ತೆ ಲೆಕ್ಕ ಹಾಕಿತು. ಬ್ಯಾಶ್‌ಫೋರ್ಡ್ 1,009 ಮತಗಳಿಂದ ಮುಂದೆ ಎಂದು ಹೇಳಿತು. 157 ಆ ಕಡೆ, 1,009 ಈ ಕಡೆ. ಲೆಕ್ಕ ಒಟ್ಟು 1,166ರಷ್ಟು ತಿರುಗಿತು. ಮತ ಹಾಕಿದ ಜನ ಯಾರೂ ಮನಸ್ಸು ಬದಲಾಯಿಸಿರಲಿಲ್ಲ. ಮತಪೆಟ್ಟಿಗೆಯಿಂದ ಮ್ಯಾಡಿಸನ್ನಿನ ಮೇಜಿನವರೆಗೆ ಆ ಅಂಕಿಗಳು ಬಂದ ದಾರಿಯಲ್ಲಿ ಏನಾಯಿತು ಅನ್ನುವುದೇ ಈ ಬರಹದ ವಿಷಯ.

ಮೊದಲು ಒಂದು ಮಾತು. ನಮ್ಮಲ್ಲಿ ಗವರ್ನರ್ ಎಂದರೆ ರಾಷ್ಟ್ರಪತಿಯವರು ನೇಮಿಸುವ ರಾಜ್ಯಪಾಲರು. ಅಮೆರಿಕದ ರಾಜ್ಯಗಳಲ್ಲಿ ಗವರ್ನರನ್ನು ಜನರೇ ನೇರವಾಗಿ ಆರಿಸುತ್ತಾರೆ. ಅಧಿಕಾರದಲ್ಲಿ ನಮ್ಮ ಮುಖ್ಯಮಂತ್ರಿಗೆ ಹತ್ತಿರ. ಆಗಿನ ವಿಸ್ಕಾನ್ಸಿನ್‌ನಲ್ಲಿ ಅವಧಿ ಎರಡೇ ವರ್ಷ. ಹೆಚ್ಚು ಮತ ಬಂದವರು ಆಯ್ಕೆಯಾದರು ಎಂದು ರಾಜ್ಯದ ಸಂವಿಧಾನ ಒಂದೇ ಸಾಲಿನಲ್ಲಿ ಹೇಳಿತ್ತು. ಆ ಒಂದು ಸಾಲೇ ಕಡೆಗೆ ಇಡೀ ಮೊಕದ್ದಮೆಯನ್ನು ಎಳೆಯಿತು.

ವಿಲಿಯಂ ಬಾರ್‌ಸ್ಟೊ ಡೆಮಾಕ್ರಟಿಕ್ ಪಕ್ಷದವರು, 1853ರಲ್ಲಿ ಗೆದ್ದು ಕುರ್ಚಿಯಲ್ಲಿದ್ದವರು. ಅವರ ಆಡಳಿತದ ಮೇಲೆ ಸರ್ಕಾರಿ ಗುತ್ತಿಗೆ, ಶಾಲಾ ಜಮೀನಿನ ಹಣ ಹೀಗೆ ಹಲವು ದೂರುಗಳಿದ್ದವು. ಆದರೆ ಪೂರ್ಣ ಪಾನನಿಷೇಧದ ಮಸೂದೆಗೆ ಅವರು ಸಹಿ ಹಾಕದೆ ವಾಪಸ್ ಕಳಿಸಿದ್ದರಿಂದ ಬಿಯರ್ ಕುಡಿಯುವ ಜರ್ಮನ್ ವಲಸಿಗರ ಬೆಂಬಲ ಗಟ್ಟಿಯಾಗಿತ್ತು. ವಿಸ್ಕಾನ್ಸಿನ್ ಸಂವಿಧಾನದ ಪ್ರಕಾರ ವಲಸಿಗರು ಪೂರ್ತಿ ಪೌರತ್ವ ಸಿಗುವವರೆಗೆ ಕಾಯಬೇಕಿರಲಿಲ್ಲ. ಪೌರರಾಗುವ ಉದ್ದೇಶವನ್ನು ಘೋಷಿಸಿ, ರಾಜ್ಯದಲ್ಲಿ ಒಂದು ವರ್ಷ ನೆಲೆಸಿದ್ದರೆ ಮತ ಹಾಕಬಹುದಿತ್ತು. ಹಾಗಾಗಿ ಆ ಬೆಂಬಲ ಕಡಿಮೆಯದ್ದಲ್ಲ. ಎದುರಿಗೆ ಕೋಲ್ಸ್ ಬ್ಯಾಶ್‌ಫೋರ್ಡ್, ಓಶ್‌ಕಾಶ್ ಊರಿನ ವಕೀಲರು, ಹಿಂದೆ ವಿಗ್ ಪಕ್ಷದಲ್ಲಿದ್ದವರು. ಈಗ ಅವರು ನಿಂತದ್ದು ರಿಪಬ್ಲಿಕನ್ ಪಕ್ಷದಿಂದ. ಆ ಪಕ್ಷಕ್ಕೆ ಆಗ ವಯಸ್ಸು ಒಂದೂವರೆ ವರ್ಷ. 1854ರ ಮಾರ್ಚ್‌ನಲ್ಲಿ ಇದೇ ರಾಜ್ಯದ ರಿಪನ್ ಊರಿನ ಸಭೆಯಲ್ಲಿ, ಗುಲಾಮಗಿರಿ ಹೊಸ ಪ್ರಾಂತ್ಯಗಳಿಗೆ ಹರಡುವುದನ್ನು ತಡೆಯಬೇಕೆಂದು ಅದು ಮೊಳಕೆ ಒಡೆದಿತ್ತು.

ಮತದಾನ ನವೆಂಬರ್ 6, ಮಂಗಳವಾರ.

ಆ ಕಾಲದ ಮತದಾನ ಹೇಗಿತ್ತು ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು; ಮೋಸ ಎಲ್ಲಿ ಹೊಕ್ಕಿತು ಅನ್ನುವುದು ಆಗಲೇ ತಿಳಿಯುವುದು. ಸರ್ಕಾರ ಅಚ್ಚು ಹಾಕಿಸಿದ ಮತಪತ್ರ ಇರಲಿಲ್ಲ. ಪಕ್ಷಗಳೇ ತಮ್ಮ ಅಭ್ಯರ್ಥಿಗಳ ಹೆಸರು ಅಚ್ಚು ಹಾಕಿಸಿ ಚೀಟಿ ಹಂಚುತ್ತಿದ್ದವು. ಮತದಾರ ಆ ಚೀಟಿಯನ್ನು ತಂದು ಪೆಟ್ಟಿಗೆಗೆ ಹಾಕುತ್ತಿದ್ದ. ಮುಂಚೆಯೇ ತಯಾರಾದ ಮತದಾರರ ಪಟ್ಟಿ ಇರಲಿಲ್ಲ. ಮತಗಟ್ಟೆಯ ಗುಮಾಸ್ತರು ಬಂದವರ ಹೆಸರನ್ನು ಅಲ್ಲೇ ಒಂದೊಂದಾಗಿ ಬರೆದುಕೊಳ್ಳುತ್ತಿದ್ದರು. ಮತಗಟ್ಟೆಯಲ್ಲಿ ಏನು ನಡೆಯಿತು ಎನ್ನುವುದಕ್ಕೆ ಆ ಹೆಸರಿನ ಪಟ್ಟಿಯೇ ಮೂಲ ದಾಖಲೆ.

ಸಂಜೆ ಮತಗಟ್ಟೆಯವರೇ ಎಣಿಸಿ, ಯಾರಿಗೆ ಎಷ್ಟು ಎಂದು ಬರೆದು, ಸಹಿ ಹಾಕಿ ಕೌಂಟಿಗೆ ಕಳಿಸಬೇಕು. ಕೌಂಟಿ ಎಂದರೆ ನಮ್ಮ ಜಿಲ್ಲೆ ಎಂದುಕೊಳ್ಳಬಹುದು. ಕೌಂಟಿಯ ಎಣಿಕೆದಾರರು ತಮ್ಮ ವ್ಯಾಪ್ತಿಯ ಎಲ್ಲ ಮತಗಟ್ಟೆಗಳ ಅಂಕಿ ಕೂಡಿಸಿ, ದೃಢೀಕರಿಸಿದ ಒಂದು ಪ್ರತಿಯನ್ನು ಮ್ಯಾಡಿಸನ್ನಿನ ರಾಜ್ಯ ಕಾರ್ಯದರ್ಶಿಯ ಕಚೇರಿಗೆ ಕಳಿಸಬೇಕು. ಕಡೆಗೆ ರಾಜ್ಯ ಮಟ್ಟದಲ್ಲಿ ಮೂವರ ಮಂಡಳಿ: ರಾಜ್ಯ ಕಾರ್ಯದರ್ಶಿ ಅಲೆಕ್ಸಾಂಡರ್ ಗ್ರೇ, ಖಜಾಂಚಿ ಎಡ್ವರ್ಡ್ ಯಾನ್ಸೆನ್, ಅಟಾರ್ನಿ ಜನರಲ್ ಜಾರ್ಜ್ ಸ್ಮಿತ್. ಕೌಂಟಿಗಳ ಅಂಕಿಗಳನ್ನು ಕೂಡಿಸಿ ಗೆದ್ದವರಿಗೆ ಪ್ರಮಾಣಪತ್ರ ಕೊಡುವುದು ಇವರ ಕೆಲಸ.

ಇಲ್ಲಿ ಮೂರು ಸಡಿಲ ಗಂಟುಗಳಿವೆ.

ಒಂದು, ಮ್ಯಾಡಿಸನ್ನಿನ ಮಂಡಳಿಯವರು ಮತಪತ್ರವನ್ನೂ ನೋಡುವುದಿಲ್ಲ, ಮತಗಟ್ಟೆಯನ್ನೂ ನೋಡುವುದಿಲ್ಲ. ಅವರ ಕೈಗೆ ಬರುವುದು ಕಾಗದ ಮಾತ್ರ. ಕಾಗದ ಸರಿಯಾಗಿ ಕಂಡರೆ ಅದರ ಮೇಲಿನ ಅಂಕಿ ಲೆಕ್ಕಕ್ಕೆ ಸೇರಿತು.

ಎರಡು, ರಾಜ್ಯ ಹೊಸದು. 1848ರಲ್ಲಷ್ಟೇ ಒಕ್ಕೂಟ ಸೇರಿತ್ತು. ಉತ್ತರದ ದಟ್ಟ ಪೈನ್ ಕಾಡಿನ ಕಡೆ ಜನ ಬಂದು ನೆಲೆಸುತ್ತಿದ್ದ ಹಾಗೆ ಹೊಸ ಕೌಂಟಿ, ಹೊಸ ಊರು, ಹೊಸ ಮತಗಟ್ಟೆ ಹುಟ್ಟುತ್ತಿದ್ದವು. ಅಂಥ ಕಡೆಯಿಂದ ಯಾವುದೋ ಹಳ್ಳದ ಹೆಸರಿನ ಮತಗಟ್ಟೆಯೊಂದರ ಲೆಕ್ಕ ಬಂದರೆ, ಅದು ನಿಜವಾಗಿ ಇದೆಯೋ ಇಲ್ಲವೋ ಎಂದು ಮ್ಯಾಡಿಸನ್ನಿನಲ್ಲಿ ಕೂತವರು ತಟ್ಟನೆ ಹೇಳಲಾಗುತ್ತಿರಲಿಲ್ಲ. ನವೆಂಬರ್–ಡಿಸೆಂಬರಿನ ಹಿಮದಲ್ಲಿ ಹೋಗಿ ನೋಡಿಕೊಂಡು ಬರುವುದೂ ಸುಲಭವಲ್ಲ. ದೂರದ ಊರಿನ ಲೆಕ್ಕ ತಡವಾಗಿ ಬರುವುದು ಸಹಜವೇ ಆದ್ದರಿಂದ, ತಡವಾಗಿ ಬಂತು ಎನ್ನುವ ಒಂದೇ ಕಾರಣಕ್ಕೆ ಅನುಮಾನಪಡುವಂತಿರಲಿಲ್ಲ.

ಮೂರನೆಯದು ಎಲ್ಲಕ್ಕಿಂತ ಗಂಭೀರ. ಕೌಂಟಿಯ ಲೆಕ್ಕ ಒಮ್ಮೆ ಬಂದ ಮೇಲೂ ‘ಪೂರಕ ಲೆಕ್ಕ’ ಎಂದು ಮತ್ತೊಂದು ಕಾಗದ ಬರಬಹುದಿತ್ತು: ಮೊದಲು ಬಿಟ್ಟುಹೋಗಿದ್ದ ಮತಗಟ್ಟೆ ಇದು, ಇದನ್ನೂ ಸೇರಿಸಿಕೊಳ್ಳಿ ಎಂದು. ಅಷ್ಟು ಹೊತ್ತಿಗೆ ಯಾರಿಗೆ ಎಷ್ಟು ಬೇಕು ಅನ್ನುವುದು ಮ್ಯಾಡಿಸನ್ನಿನಲ್ಲಿ ಎಲ್ಲರಿಗೂ ಗೊತ್ತಾಗಿರುತ್ತದೆ. ಎಷ್ಟು ಕಡಿಮೆ ಬಿದ್ದಿದೆ ಎಂದು ತಿಳಿದ ಮೇಲೆ ಅಂಕಿ ಬರುವುದಕ್ಕೆ ಅವಕಾಶ ಇಟ್ಟರೆ, ಬೇಕಾದಷ್ಟೇ ಅಂಕಿ ತಯಾರಾಗಿ ಬರುತ್ತದೆ. ಯಾವ ಕಾಲದ ಯಾವ ಚುನಾವಣೆಗಾದರೂ ಈ ಮಾತು ಅನ್ವಯಿಸುತ್ತದೆ ಎಂದು ನನ್ನ ಗಟ್ಟಿ ನಂಬಿಕೆ.

1855ರಲ್ಲಿ ಆದದ್ದು ಅದೇ. ಹಲವು ವಾರ ಲೆಕ್ಕ ಅತ್ತಿತ್ತ ತೂಗಾಡಿತು. ಕೊನೆಯ ಹೊತ್ತಿಗೆ ಉತ್ತರದ ಕಡೆಯಿಂದ ಪೂರಕ ಲೆಕ್ಕಗಳು ಬಂದವು. ವೌಪಾಕಾ ಕೌಂಟಿಯಿಂದ ಒಂದು. ಜೊತೆಗೆ ಬ್ರಿಡ್ಜ್ ಕ್ರೀಕ್, ಸ್ಪ್ರಿಂಗ್ ಕ್ರೀಕ್, ಗಿಲ್ಬರ್ಟ್ಸ್ ಮಿಲ್ಸ್ ಎಂಬ ಹೆಸರುಗಳ ಮತಗಟ್ಟೆಗಳಿಂದ. ಇವೆಲ್ಲ ಬಾರ್‌ಸ್ಟೊ ಕಡೆಗೆ ವಾಲಿದ್ದವು. ಮಂಡಳಿ ಅವನ್ನು ಸೇರಿಸಿಕೊಂಡಿತು, 157ರ ಗೆಲುವು ಘೋಷಿಸಿತು. ಮೂವರೂ ಬಾರ್‌ಸ್ಟೊ ಅವರ ಪಕ್ಷದವರೇ.

ಬ್ಯಾಶ್‌ಫೋರ್ಡ್ ಕಡೆಯವರು ಆ ಕಾಗದಗಳ ಬೆನ್ನು ಹತ್ತಿದರು. ಮತಗಟ್ಟೆ ಇದೆ ಎಂದು ಬರೆದ ಕಡೆ ಹೋಗಿ ವಿಚಾರಿಸಿದರೆ ಅಲ್ಲಿ ಮತದಾನ ನಡೆದ ಕುರುಹೇ ಇರಲಿಲ್ಲ. ಕಾಗದವೂ ಮಾತಾಡಿತು. ಕಾಡಿನ ಅಂಚಿನ ಹಳ್ಳಿಯಲ್ಲಿ ಕೂತು ಬರೆದದ್ದು ಎನ್ನಲಾದ ಲೆಕ್ಕ ಇದ್ದದ್ದು ಮ್ಯಾಡಿಸನ್ನಿನ ಸರ್ಕಾರಿ ಕಚೇರಿಯಲ್ಲಿ ಬಳಸುತ್ತಿದ್ದಂಥ ಹಾಳೆಯ ಮೇಲೆ. ಆಗ ಹಾಳೆಗೆ ಹಾಳೆಗೆ ಬಣ್ಣ, ದಪ್ಪ, ಅಂಚು ಬೇರೆ ಬೇರೆ ಇರುತ್ತಿತ್ತು. ಕಾಗದ ನೋಡಿಕೊಂಡವರಿಗೆ ಅದು ಎಲ್ಲಿಯದೆಂದು ಗುರುತು ಸಿಗುತ್ತಿತ್ತು. ಸಹಿಯನ್ನು ನಕಲು ಮಾಡಿದವರು ಹಾಳೆಯ ಬಗ್ಗೆ ಯೋಚಿಸಿರಲಿಲ್ಲ. ನನಗೆ ಈ ಇಡೀ ಪ್ರಕರಣದಲ್ಲಿ ಮತ್ತೆ ಮತ್ತೆ ನೆನಪಾಗುವುದು ಈ ಹಾಳೆ.

1856ರ ಜನವರಿ 7, ಸೋಮವಾರ. ಬಾರ್‌ಸ್ಟೊ ಸೈನಿಕ ತುಕಡಿಗಳ ಮೆರವಣಿಗೆಯೊಂದಿಗೆ ಸಡಗರದಿಂದ ಪ್ರಮಾಣವಚನ ತೆಗೆದುಕೊಂಡರು. ಅದೇ ದಿನ ಬ್ಯಾಶ್‌ಫೋರ್ಡ್ ಸದ್ದಿಲ್ಲದೆ ಸುಪ್ರೀಂ ಕೋರ್ಟಿನ ಕೊಠಡಿಗೆ ಹೋಗಿ ಮುಖ್ಯ ನ್ಯಾಯಮೂರ್ತಿ ಎಡ್ವರ್ಡ್ ವೈಟನ್ ಎದುರು ತಾವೂ ಗವರ್ನರ್ ಆಗಿ ಪ್ರಮಾಣ ಮಾಡಿದರು. ಒಂದು ರಾಜ್ಯ, ಒಂದು ದಿನ, ಇಬ್ಬರು ಗವರ್ನರ್. ಕುರ್ಚಿ ಮತ್ತು ಕಚೇರಿಯ ಬೀಗದ ಕೈ ಬಾರ್‌ಸ್ಟೊ ಬಳಿ ಇದ್ದವು. ಪ್ರಮಾಣವಚನ ಬೋಧಿಸಿದ ನ್ಯಾಯಮೂರ್ತಿಯ ಮುಂದೆಯೇ ಮೊಕದ್ದಮೆಯೂ ಹೋಯಿತು. ಇವತ್ತಾದರೆ ವೈಟನ್ ಅವರು ಪೀಠದಿಂದ ಹಿಂದೆ ಸರಿಯಬೇಕು ಎಂಬ ಅರ್ಜಿ ಮೊದಲ ದಿನವೇ ಬೀಳುತ್ತಿತ್ತು, ಬೀಳುವುದೇ ಸರಿ.

ಬ್ಯಾಶ್‌ಫೋರ್ಡ್ ಹಿಡಿದ ಕಾನೂನಿನ ದಾರಿ ಕೋ ವಾರಂಟೊ. ನಮ್ಮ ಸಂವಿಧಾನದ 32 ಮತ್ತು 226ನೇ ವಿಧಿಗಳಲ್ಲಿ ಹೆಸರಿಸಿರುವ ಐದು ರಿಟ್‌ಗಳಲ್ಲಿ ಒಂದು ಇದೇ. ‘ಯಾವ ಅಧಿಕಾರದಿಂದ ಈ ಹುದ್ದೆಯಲ್ಲಿ ಕೂತಿದ್ದೀರಿ, ತೋರಿಸಿ’ ಎಂದು ಕೇಳುವ ರಿಟ್. ನಮ್ಮಲ್ಲಿ ಚುನಾವಣೆಯ ಫಲಿತಾಂಶವನ್ನು ಹೀಗೆ ರಿಟ್ ಮೂಲಕ ಪ್ರಶ್ನಿಸುವ ಹಾಗಿಲ್ಲ. 329ನೇ ವಿಧಿ ಆ ಬಾಗಿಲು ಮುಚ್ಚಿದೆ. 45 ದಿನದೊಳಗೆ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಹಾಕಬೇಕು. ವಿಸ್ಕಾನ್ಸಿನ್‌ನಲ್ಲಿ ಗವರ್ನರ್ ಹುದ್ದೆಗೆ ಅಂಥ ಸಿದ್ಧ ದಾರಿ ಇರಲಿಲ್ಲ. ಆದರೆ ಕೋ ವಾರಂಟೊ ಹೊರಡಿಸುವ ಅಧಿಕಾರವನ್ನು ರಾಜ್ಯ ಸಂವಿಧಾನ ಸುಪ್ರೀಂ ಕೋರ್ಟಿಗೆ ಹೆಸರು ಹಿಡಿದು ಕೊಟ್ಟಿತ್ತು. ಬ್ಯಾಶ್‌ಫೋರ್ಡ್ ವಕೀಲರು ಅದನ್ನು ಹಿಡಿದರು.

ವಕೀಲರ ಸಾಲು ದೊಡ್ಡದು. ಬ್ಯಾಶ್‌ಫೋರ್ಡ್ ಪರ ತಿಮೋಥಿ ಹೌ, ಜೇಮ್ಸ್ ನೋಲ್ಟನ್, ಅಲೆಕ್ಸಾಂಡರ್ ರಾಂಡಾಲ್, ಮತ್ತು ಎಡ್ವರ್ಡ್ ರಯನ್. ರಯನ್ ಕಟ್ಟಾ ಡೆಮಾಕ್ರಟ್. ತಮ್ಮದೇ ಪಕ್ಷದ ಗವರ್ನರ್ ವಿರುದ್ಧ ವಕಾಲತ್ತು ವಹಿಸಿದ್ದರು. ಬಾರ್‌ಸ್ಟೊ ಪರ ಜೊನಾಥನ್ ಆರ್ನಾಲ್ಡ್, ಹಾರ್ಲೊ ಓರ್ಟನ್, ಮ್ಯಾಥ್ಯೂ ಕಾರ್ಪೆಂಟರ್. ಪೀಠದಲ್ಲಿ ವೈಟನ್ ಜೊತೆ ಓರ್ಸಮಸ್ ಕೋಲ್ ಮತ್ತು ಏಬ್ರಂ ಸ್ಮಿತ್. ಈ ಏಬ್ರಂ ಸ್ಮಿತ್ ಅವರೇ ಎರಡು ವರ್ಷ ಮುಂಚೆ, ಓಡಿಹೋದ ಗುಲಾಮರನ್ನು ಹಿಡಿದುಕೊಡುವ ಒಕ್ಕೂಟದ ಕಾಯ್ದೆ ಅಸಿಂಧು ಎಂದು ತೀರ್ಪು ಬರೆದವರು.

ಬಾರ್‌ಸ್ಟೊ ಪರ ವಾದವನ್ನು ಹಗುರವಾಗಿ ತಳ್ಳಿಹಾಕುವ ಹಾಗಿಲ್ಲ. ಅವರು ಮತಗಳ ವಿಷಯಕ್ಕೇ ಹೋಗಲಿಲ್ಲ. ಕೋರ್ಟಿಗೆ ಕೇಳುವ ಅಧಿಕಾರವೇ ಇಲ್ಲ ಎಂದರು. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಮೂರೂ ಸಮಾನ. ಕಾರ್ಯಾಂಗದ ತಲೆಯಾಳನ್ನು ನ್ಯಾಯಾಂಗ ಕರೆಸಿ ‘ನೀನು ಗವರ್ನರೋ ಅಲ್ಲವೋ’ ಎಂದು ಕೇಳಿದರೆ ಸಮಾನತೆ ಉಳಿಯುವುದೆಲ್ಲಿ? ಮತ ಎಣಿಸಲು ಕಾನೂನು ಒಂದು ಮಂಡಳಿ ನೇಮಿಸಿದೆ, ಮಂಡಳಿ ಪ್ರಮಾಣಪತ್ರ ಕೊಟ್ಟಿದೆ, ಅಲ್ಲಿಗೆ ಮುಗಿಯಿತು. ನಾಳೆ ಕೋರ್ಟಿನ ಆದೇಶವನ್ನು ಗವರ್ನರ್ ಒಪ್ಪದಿದ್ದರೆ ಜಾರಿ ಮಾಡುವವರು ಯಾರು, ಸೈನಿಕ ಪಡೆಗೆ ದಂಡನಾಯಕ ಅವರೇ ಅಲ್ಲವೇ?

ಕೋರ್ಟು ಕೊಟ್ಟ ಉತ್ತರದ ತಿರುಳು ಸರಳ. ನಾವು ಗವರ್ನರನ್ನು ವಿಚಾರಣೆಗೆ ಕರೆದಿಲ್ಲ. ಗವರ್ನರ್ ಹುದ್ದೆಯಲ್ಲಿ ಕೂತಿರುವ ಒಬ್ಬ ವ್ಯಕ್ತಿಯನ್ನು ಕರೆದಿದ್ದೇವೆ. ಆ ವ್ಯಕ್ತಿ ಗವರ್ನರ್ ಹೌದೋ ಅಲ್ಲವೋ ಅನ್ನುವುದೇ ಪ್ರಶ್ನೆಯಾಗಿರುವಾಗ, ಗವರ್ನರ್ ಎಂಬ ಕಾರಣಕ್ಕೆ ಪ್ರಶ್ನೆ ಕೇಳಬಾರದು ಎನ್ನಲಾಗದು. ಮಂಡಳಿಯ ಕೆಲಸ ಅಂಕಿ ಕೂಡಿಸುವುದು, ತೀರ್ಪು ಕೊಡುವುದಲ್ಲ. ಪ್ರಮಾಣಪತ್ರ ಮೇಲ್ನೋಟದ ಸಾಕ್ಷ್ಯ ಮಾತ್ರ. ಹುದ್ದೆಯ ಹಕ್ಕು ಹುಟ್ಟುವುದು ಜನ ಹಾಕಿದ ಮತದಿಂದ. ಹೆಚ್ಚು ಮತ ಬಂದವರು ಆಯ್ಕೆಯಾದರು ಎಂದು ಸಂವಿಧಾನ ಬರೆದಿದೆ, ಪ್ರಮಾಣಪತ್ರ ಸಿಕ್ಕವರು ಆಯ್ಕೆಯಾದರು ಎಂದು ಬರೆದಿಲ್ಲ.

ಅಧಿಕಾರವ್ಯಾಪ್ತಿಯ ತಕರಾರು ಬಿದ್ದುಹೋದ ಮೇಲೆ ಬಾರ್‌ಸ್ಟೊ ಮತಗಳ ಬಗ್ಗೆ ಉತ್ತರ ಕೊಡಬೇಕಾಯಿತು. ಕೊಡಲಿಲ್ಲ. ಮಾರ್ಚ್ 8ರಂದು ಅವರ ವಕೀಲರು ಪ್ರತಿಭಟನೆ ದಾಖಲಿಸಿ ಮೊಕದ್ದಮೆಯಿಂದ ಎದ್ದುಹೋದರು.

ಸಾಮಾನ್ಯವಾಗಿ ಎದುರಾಳಿ ಬರದಿದ್ದರೆ ಅರ್ಜಿದಾರನ ಪರ ಏಕಪಕ್ಷೀಯ ತೀರ್ಪು ಬಂದುಬಿಡುತ್ತದೆ. ಇಲ್ಲಿ ಕೋರ್ಟು ಹಾಗೆ ಮಾಡಲಿಲ್ಲ. ಈ ತೀರ್ಪಿಗೆ ತೂಕ ಬಂದದ್ದು ಅದರಿಂದಲೇ ಎನ್ನುತ್ತೇನೆ. ಕೋ ವಾರಂಟೊದಲ್ಲಿ ಪ್ರಶ್ನೆ ಎರಡು. ಕೂತಿರುವವನಿಗೆ ಹಕ್ಕು ಇದೆಯೇ? ಅದನ್ನು ಕೂತಿರುವವನೇ ತೋರಿಸಬೇಕು, ತೋರಿಸದಿದ್ದರೆ ಇಳಿಯಬೇಕು. ಅವನು ಇಳಿದ ಮಾತ್ರಕ್ಕೆ ಅರ್ಜಿದಾರನಿಗೆ ಕುರ್ಚಿ ಸಿಗುವುದಿಲ್ಲ. ತನಗೇ ಹೆಚ್ಚು ಮತ ಬಂದಿದೆ ಎಂದು ಅರ್ಜಿದಾರ ತಾನಾಗಿ ಸಾಬೀತು ಮಾಡಬೇಕು. ರಾಜ್ಯದ ಗವರ್ನರ್ ಯಾರು ಎಂಬುದು ಇಬ್ಬರು ಕಕ್ಷಿಗಾರರ ಸ್ವಂತ ಆಸ್ತಿಯ ಜಗಳ ಅಲ್ಲವಲ್ಲ. ಹಾಗಾಗಿ ಎದುರಿಗೆ ಖಾಲಿ ಮೇಜಿದ್ದರೂ ಕೋರ್ಟು ಸಾಕ್ಷ್ಯ ಕೇಳಿಸಿಕೊಂಡಿತು, ಪೂರಕ ಲೆಕ್ಕಗಳನ್ನು ಪರಿಶೀಲಿಸಿತು, ಮೋಸದವನ್ನು ತೆಗೆದುಹಾಕಿತು.

ಇಲ್ಲಿ ಬಾರ್‌ಸ್ಟೊ ಕೊನೆಯ ನಡೆಯೊಂದನ್ನು ಇಟ್ಟರು. ಮಾರ್ಚ್ 21, ಶುಕ್ರವಾರ ರಾಜೀನಾಮೆ ಕೊಟ್ಟರು. ಗವರ್ನರ್ ಹುದ್ದೆ ತೆರವಾದರೆ ಲೆಫ್ಟಿನೆಂಟ್ ಗವರ್ನರ್ ಆ ಜಾಗಕ್ಕೆ ಬರಬೇಕು. ಆ ಹುದ್ದೆಗೆ ಅದೇ ಚುನಾವಣೆಯಲ್ಲಿ ಗೆದ್ದಿದ್ದವರು ಡೆಮಾಕ್ರಟಿಕ್ ಪಕ್ಷದ ಆರ್ಥರ್ ಮ್ಯಾಕಾರ್ಥರ್. ಅವರ ಗೆಲುವಿನ ಬಗ್ಗೆ ಯಾರದೂ ತಕರಾರಿರಲಿಲ್ಲ. ಎರಡನೇ ಮಹಾಯುದ್ಧದ ಜನರಲ್ ಡಗ್ಲಸ್ ಮ್ಯಾಕಾರ್ಥರ್ ಅವರ ಅಜ್ಜ ಇವರು. ಬಾರ್‌ಸ್ಟೊ ಹೋದರೂ ಕುರ್ಚಿ ಪಕ್ಷದಲ್ಲೇ ಉಳಿಯುತ್ತದೆ, ಕೋರ್ಟಿನ ಮುಂದಿರುವ ಪ್ರತಿವಾದಿಯೇ ಹುದ್ದೆಯಲ್ಲಿ ಇಲ್ಲದ ಮೇಲೆ ಮೊಕದ್ದಮೆಯೂ ಉಳಿಯುವುದಿಲ್ಲ ಎಂಬುದು ಎಣಿಕೆ. ಜಾಣ ನಡೆಯೇ. ಆದರೆ ಅದರ ಬುಡ ಗಟ್ಟಿಯಿರಲಿಲ್ಲ. ತನ್ನದಲ್ಲದ ಹೊಲವನ್ನು ಮಾರಿದವನಿಂದ ಕೊಂಡವನಿಗೆ ಹೊಲ ಹೇಗೆ ಸಿಗುವುದಿಲ್ಲವೋ ಹಾಗೆಯೇ ಇದು. ಬಾರ್‌ಸ್ಟೊ ಆಯ್ಕೆಯೇ ಆಗಿರದಿದ್ದರೆ ಅವರ ರಾಜೀನಾಮೆಯಿಂದ ಯಾವ ಹುದ್ದೆಯೂ ತೆರವಾಗುವುದಿಲ್ಲ.

ಸೋಮವಾರ, ಮಾರ್ಚ್ 24. ಮೂವರು ನ್ಯಾಯಮೂರ್ತಿಗಳೂ ಒಮ್ಮತದಿಂದ ಬ್ಯಾಶ್‌ಫೋರ್ಡ್ 1,009 ಮತಗಳಿಂದ ಗೆದ್ದಿದ್ದಾರೆ ಎಂದರು.

ಮರುದಿನ ಬ್ಯಾಶ್‌ಫೋರ್ಡ್ ಶೆರಿಫ್ (ಕೌಂಟಿಯ ಕಾನೂನು ಪಾಲನಾಧಿಕಾರಿ) ಹಾಗೂ ಬೆಂಬಲಿಗರೊಂದಿಗೆ ಗವರ್ನರ್ ಕಚೇರಿಗೆ ನಡೆದರು. ಕೋರ್ಟಿನ ಕೊಠಡಿ, ಗವರ್ನರ್ ಕಚೇರಿ ಎರಡೂ ರಾಜಧಾನಿಯ ಅದೇ ಕಟ್ಟಡದಲ್ಲಿ. ಒಳಗೆ ಮ್ಯಾಕಾರ್ಥರ್ ಕೂತಿದ್ದರು. ಬ್ಯಾಶ್‌ಫೋರ್ಡ್ ಕೋಟು ಕಳಚಿ ಗೂಟಕ್ಕೆ ನೇತುಹಾಕಿ, ಅಧಿಕಾರ ವಹಿಸಿಕೊಳ್ಳಲು ಬಂದಿದ್ದೇನೆ ಎಂದರು. ಬಲಪ್ರಯೋಗ ಮಾಡುತ್ತೀರಾ ಎಂದು ಮ್ಯಾಕಾರ್ಥರ್ ಕೇಳಿದರು. ಅದರ ಅಗತ್ಯ ಬೀಳುವುದಿಲ್ಲ ಎಂದುಕೊಂಡಿದ್ದೇನೆ, ಬಿದ್ದರೆ ಹಿಂಜರಿಯುವುದೂ ಇಲ್ಲ ಎಂಬರ್ಥದ ಉತ್ತರ ಬಂತು. ಅಷ್ಟು ಕೇಳಿ ಮ್ಯಾಕಾರ್ಥರ್ ಎದ್ದು ಹೊರಟರು. ಅವರು ಗವರ್ನರ್ ಆಗಿದ್ದದ್ದು ಮಾರ್ಚ್ 21ರಿಂದ 25ರವರೆಗೆ. ಆಮೇಲೆ ತಮ್ಮ ಮೂಲ ಹುದ್ದೆಯಾದ ಲೆಫ್ಟಿನೆಂಟ್ ಗವರ್ನರ್ ಆಗಿ ಮುಂದುವರಿದರು. ಎರಡೂ ಕಡೆಯ ಜನ ಕೆರಳಿದ್ದ ಆ ತಿಂಗಳುಗಳಲ್ಲಿ, ಸೈನಿಕ ಪಡೆಗಳು ಒಂದು ಗುಂಡೂ ಹಾರಿಸದೆ ಕುರ್ಚಿ ಕೈ ಬದಲಾಯಿತು. ಮ್ಯಾಕಾರ್ಥರ್ ಆ ಗಳಿಗೆಯಲ್ಲಿ ಹಟ ಹಿಡಿಯದೆ ಎದ್ದದ್ದಕ್ಕೆ ನಾನು ಅವರಿಗೆ ತುಂಬ ಗೌರವ ಕೊಡುತ್ತೇನೆ.

ನ್ಯಾಯವಾಗಿ ಗೆದ್ದ ಬ್ಯಾಶ್‌ಫೋರ್ಡ್ ನ್ಯಾಯವಾಗಿ ಆಳಲಿಲ್ಲ. ಒಕ್ಕೂಟ ಸರ್ಕಾರ ರೈಲು ಹಾದಿಗೆಂದು ಕೊಟ್ಟ ಜಮೀನನ್ನು ಹಂಚುವಾಗ ಲಾ ಕ್ರಾಸ್ ಮತ್ತು ಮಿಲ್ವಾಕಿ ರೈಲು ಕಂಪನಿಯಿಂದ 50,000 ಡಾಲರ್ ಮುಖಬೆಲೆಯ ಬಾಂಡುಗಳನ್ನು ಪಡೆದರು. 1858ರಲ್ಲಿ ಶಾಸನಸಭೆಯ ತನಿಖೆಯಲ್ಲಿ ಅದು ಬಯಲಾಯಿತು. ಶಾಸಕರ ಪೈಕಿಯೂ ಬಹಳ ಮಂದಿ ಬಾಂಡು ಪಡೆದಿದ್ದರು. ಮುಂದೆ ಬ್ಯಾಶ್‌ಫೋರ್ಡ್ ಅರಿಜೋನಾಕ್ಕೆ ಹೋಗಿ ಆ ಪ್ರಾಂತ್ಯದ ಮೊದಲ ಅಟಾರ್ನಿ ಜನರಲ್ ಆದರು, 1878ರಲ್ಲಿ ಅಲ್ಲೇ ತೀರಿಕೊಂಡರು. ಬಾರ್‌ಸ್ಟೊ ಅಂತರ್ಯುದ್ಧದಲ್ಲಿ ವಿಸ್ಕಾನ್ಸಿನ್‌ನ ಮೂರನೇ ಅಶ್ವದಳದ ಕರ್ನಲ್ ಆಗಿದ್ದು 1865ರಲ್ಲಿ ತೀರಿಕೊಂಡರು. ಬ್ಯಾಶ್‌ಫೋರ್ಡ್ ಲಂಚದ ಕಥೆ ಗೊತ್ತಾದ ಮೇಲೆ ‘ಹಾಗಾದರೆ ಆ ತೀರ್ಪಿನಿಂದ ಏನು ಬಂತು’ ಎಂದು ಕೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಇಬ್ಬರಲ್ಲಿ ಒಳ್ಳೆಯವರು ಯಾರು ಎಂದು ಕೋರ್ಟನ್ನು ಯಾರೂ ಕೇಳಿರಲಿಲ್ಲ. ಅದನ್ನು ತೀರ್ಮಾನಿಸುವ ಕೆಲಸ ಮತದಾರರದ್ದು, ಅವರು ನವೆಂಬರ್ 6ರಂದೇ ಮಾಡಿದ್ದರು. ಕೋರ್ಟು ಮಾಡಿದ್ದು ಆ ಲೆಕ್ಕವನ್ನು ಸರಿಪಡಿಸುವುದಷ್ಟೇ.

ವಕೀಲರಲ್ಲಿ ಹಲವರು ದೊಡ್ಡ ಹುದ್ದೆಗಳಿಗೆ ಹೋದರು. ರಾಂಡಾಲ್ ಮುಂದಿನ ಗವರ್ನರ್. ಹೌ ಮತ್ತು ಕಾರ್ಪೆಂಟರ್, ಅಂದು ಎದುರುಬದುರು ನಿಂತವರು, ಇಬ್ಬರೂ ಅಮೆರಿಕದ ಸೆನೆಟ್ಟಿಗೆ ವಿಸ್ಕಾನ್ಸಿನ್‌ನಿಂದ ಆರಿಸಿ ಹೋದರು. ಬ್ಯಾಶ್‌ಫೋರ್ಡ್ ಪರ ವಾದಿಸಿದ ರಯನ್ 1874ರಲ್ಲಿ ಅದೇ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದರು. ಬಾರ್‌ಸ್ಟೊ ಪರ ವಾದಿಸಿದ್ದ ಓರ್ಟನ್ 1878ರಲ್ಲಿ ಅದೇ ಪೀಠಕ್ಕೆ ಬಂದರು. 1856ರಲ್ಲಿ ಇಬ್ಬರ ವಾದವನ್ನೂ ಮೇಲೆ ಕೂತು ಕೇಳಿದ್ದ ಓರ್ಸಮಸ್ ಕೋಲ್ ಇನ್ನೂ ಅಲ್ಲೇ ನ್ಯಾಯಮೂರ್ತಿಯಾಗಿದ್ದರು. 1880ರಲ್ಲಿ ರಯನ್ ತೀರಿಕೊಳ್ಳುವವರೆಗೆ ಮೂವರೂ ಒಂದೇ ಪೀಠದಲ್ಲಿ ಅಕ್ಕಪಕ್ಕ ಕೂತು ಮೊಕದ್ದಮೆಗಳನ್ನು ಕೇಳಿದರು.